ಎಲ್ಲ ದೀಪಗಳನ್ನೂ ಒಟ್ಟಿಗೆ ಹೊತ್ತಿಸುವ ಮೀಟರ್ ಫಲಕದವರಿಗೆ

ಮಾನ್ಯ ಮೀಟರ್ ಫಲಕದವರೇ,

ನಮ್ಮ ಮನೆಯ ಬಿಳಿ ಕಾರಿನ ಸ್ಟಿಯರಿಂಗಿನ ಹಿಂದೆ, ಧೂಳು ತಾಕದ ಗಾಜಿನೊಳಗೆ, ಸದಾ ನನ್ನ ಮುಖವನ್ನೇ ನೋಡುತ್ತಾ ವಿರಾಜಮಾನರಾಗಿರುವ ತಮ್ಮ ಘನ ಸನ್ನಿಧಿಗೆ, ಹುಣಸೂರು ತಾಲ್ಲೂಕು ಮುಗಿದು ಎಚ್.ಡಿ. ಕೋಟೆ ತಾಲ್ಲೂಕು ಶುರುವಾಗುವ ಕಡೆ ಹೊಗೆಸೊಪ್ಪು ಬೆಳೆದುಕೊಂಡು ಬದುಕುತ್ತಿರುವ ಶ್ಯಾಮಲಾ ಎಂಬ ಹೆಂಗಸು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದು ಬರಿಯ ಮರ್ಯಾದೆಗೆ ಬರೆದಿಲ್ಲ. ಈ ಮಳೆಗಾಲವಿಡೀ ನಾನು ಬ್ರೇಕ್ ಪೆಡಲಿನ ಪಕ್ಕ ತಲೆಯಿಟ್ಟು, ಕಾಲುಗಳನ್ನು ರಸ್ತೆಗೆ ಚಾಚಿ, ತಮ್ಮ ಅಡಿಭಾಗಕ್ಕೆ ಟಾರ್ಚ್ ಬಿಟ್ಟುಕೊಂಡು ಮಲಗಿದ್ದನ್ನು ಈ ದಾರಿಯಲ್ಲಿ ಓಡಾಡುವ ಹಾಲಿನ ವ್ಯಾನಿನವರು, ಶಾಲೆಯ ಮೇಷ್ಟರು, ಒಂದೆರಡು ಎಮ್ಮೆಗಳು ಕಂಡಿವೆ. ಬೆನ್ನ ಮೇಲೆ ಮಲಗಿ ಮಾಡಿದ ಸಾಷ್ಟಾಂಗವೂ ತಮ್ಮಲ್ಲಿ ಸಲ್ಲುವುದಾದರೆ ನನ್ನ ಪಾಲಿನದು ಯಾವತ್ತೋ ಸಂದಿದೆ.

ಖಾಸಗಿಯಾಗಿ ಅರಿಕೆ ಮಾಡಿಕೊಳ್ಳದೆ ಹೀಗೆ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿಯೂ ಬೇಕಾದಷ್ಟು ಹೇಳಿದ್ದೇನೆ; ಅವುಗಳಲ್ಲಿ ಕೆಲವು ಮಾತುಗಳನ್ನು ಅಚ್ಚು ಮಾಡಲು ಬರುವುದಿಲ್ಲ. ತಾವು ಮಾತ್ರ ಒಂದಕ್ಕೂ ಉತ್ತರ ಕೊಡಲಿಲ್ಲ.

ಮೊದಲಿಗೆ ತಮ್ಮ ಗುಣಗಾನ ಮಾಡುವುದು ನ್ಯಾಯ. ನಮ್ಮ ಯಜಮಾನರು ನಂಜುಂಡಸ್ವಾಮಿಯವರ ಹಳೆಯ ಜೀಪಿನಲ್ಲಿ ತಮ್ಮ ಪೂರ್ವಿಕರೊಬ್ಬರಿದ್ದರು. ಅವರ ಬಳಿ ಇದ್ದದ್ದು ಒಂದೇ ಮುಳ್ಳು. ಅದು ಜೀಪು ನಿಂತಿರುವಾಗಲೂ ನಲವತ್ತು, ಓಡುವಾಗಲೂ ನಲವತ್ತು ತೋರಿಸುತ್ತಿತ್ತು. ಅವರನ್ನು ನಂಬಿ ಯಾರೂ ಕೆಡಲಿಲ್ಲ, ಏಕೆಂದರೆ ಅವರನ್ನು ಯಾರೂ ನಂಬುತ್ತಲೇ ಇರಲಿಲ್ಲ. ತಮ್ಮ ವೈಭವವೇ ಬೇರೆ. ಇಂಜಿನ್ನಿಗೊಂದು ದೀಪ, ಬ್ರೇಕಿಗೊಂದು, ಎಣ್ಣೆಗೊಂದು, ಬಾಗಿಲಿಗೊಂದು, ಬೆಲ್ಟಿಗೊಂದು, ಅಪಘಾತವಾದರೆ ಊದಿಕೊಳ್ಳುವ ಚೀಲಕ್ಕೊಂದು, ಇವುಗಳ ಜೊತೆಗೆ ಏತಕ್ಕೆಂದು ಯಾರಿಗೂ ಗೊತ್ತಿಲ್ಲದ ಆಮೆಯಾಕಾರದ್ದೊಂದು. ಪಿರಿಯಾಪಟ್ಟಣದ ಒಬ್ಬರ ಕೈಯಿಂದ ಈ ಕಾರನ್ನು ಕೊಂಡ ದಿನ ತಾವು ಅವನ್ನೆಲ್ಲ ಒಮ್ಮೆ ಬೆಳಗಿಸಿ, ಒಂದೊಂದಾಗಿ ಆರಿಸಿ, ಎಲ್ಲವೂ ಕ್ಷೇಮವೆಂದು ಸಾರಿದ ಗತ್ತನ್ನು ಕಂಡು ನಾನು ಮಾರುಹೋದೆ. ಇಷ್ಟು ನಿಗಾ ಇಡುವವರು ಎದುರಿಗಿರುವಾಗ ಇನ್ನೇನು ಚಿಂತೆ ಅಂದುಕೊಂಡೆ.

ತಮಗೆ ಎಡಗಡೆ ಆಸನದಲ್ಲಿ ಕೂರುವವರ ಪರಿಚಯವಿಲ್ಲ. ಅವರು ಬೆಲ್ಟ್ ಹಾಕಿದ್ದಾರೋ ಇಲ್ಲವೋ ಎಂಬುದಷ್ಟೇ ತಮ್ಮ ಆಸಕ್ತಿ. ಆದ್ದರಿಂದ ನಾನೇ ಪರಿಚಯ ಮಾಡಿಕೊಡುತ್ತೇನೆ. ಆಕೆ ಬೆಳ್ಳಮ್ಮ, ಕಾಡಂಚಿನ ಹಾಡಿಯವಳು. ಪ್ರತಿ ವರ್ಷ ಸೊಪ್ಪು ಮುರಿಯುವ ಕಾಲಕ್ಕೆ ನಮ್ಮ ಚಪ್ಪರದ ಕೆಳಗೆ ನಾವಿಬ್ಬರೂ ಎದುರುಬದುರು ಕೂತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತೇವೆ. ನಾನು ಒಂದು ಕಡ್ಡಿ ಮುಗಿಸುವಷ್ಟರಲ್ಲಿ ಆಕೆ ಎರಡು ಮುಗಿಸಿ, "ನಿನ್ ಕೈ ಇನ್ನೂ ಎದ್ದಿಲ್ವಾ ಸಾಮಲವ್ವ, ಮಲ್ಗೇ ಅದಾ?" ಎಂದು ವಿಚಾರಿಸುತ್ತಾಳೆ. ಅಂಥವಳ ಕಾಲು ಊದತೊಡಗಿದಾಗ ಚಪ್ಪಲಿ ಬಿಗಿಯಾಯಿತೆಂದು ಅವಳೂ ಅಂದಳು, ನಾನೂ ಅಂದೆ. ಆಮೇಲೆ ಮೈಸೂರಿನಲ್ಲಿ ಎರಡು ಕಿಡ್ನಿಯೂ ಹೋಗಿದೆ ಎಂದರು. ಅಂದಿನಿಂದ ವಾರಕ್ಕೆ ಎರಡು ಸಲ ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ಆಕೆಯ ರಕ್ತವನ್ನು ಯಂತ್ರಕ್ಕೆ ಬಿಟ್ಟು ತೊಳೆದು ಮತ್ತೆ ಮೈಗೆ ತುಂಬುತ್ತಾರೆ. ಬೆಳಗಿನ ಏಳಕ್ಕೆ ಆಕೆಯ ಪಾಳಿ. ಆ ಹೊತ್ತಿಗೆ ಮುಟ್ಟದಿದ್ದರೆ ಮಂಚ ಬೇರೆಯವರ ಪಾಲಾಗುತ್ತದೆ, ಹಾಡಿಯ ತಿರುವಿಗೆ ಬಸ್ಸು ಬರುವುದು ಬಿಸಿಲೇರಿದ ಮೇಲೆ, ಯಂತ್ರದಿಂದ ಎದ್ದವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬರಲಾಗುವುದಿಲ್ಲ. ಹೀಗಾಗಿ ನಮ್ಮ ಕಾರು. ತಾವು ತಿಳಿದಿರಬೇಕಾದದ್ದು ಇಷ್ಟೇ: ತಾವು ಕೆಟ್ಟರೆ ಕಾರು ಹೊರಡುವುದಿಲ್ಲ, ಕಾರು ಹೊರಡದಿದ್ದರೆ ಬೆಳ್ಳಮ್ಮನ ಮೈಯೊಳಗೆ ನೀರು ತುಂಬಿಕೊಳ್ಳುತ್ತದೆ.

ಆಕೆಯ ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುಣ್ಣ ಸವರಿದ ಒಂದು ಚೂರು ಹೊಗೆಸೊಪ್ಪನ್ನು ದವಡೆಗೆ ಒತ್ತಿಕೊಳ್ಳುವುದು ಬೆಳ್ಳಮ್ಮನ ಬಹುಕಾಲದ ಸುಖ. ಡಾಕ್ಟರು ಅದನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದ ಮೇಲೆ ಒಂದು ಸಲವೂ ತಪ್ಪದೆ, ಕಾರು ಹತ್ತಿದ ಕೂಡಲೇ, "ಒಸಿ ಸೊಪ್ಪು ಇದ್ರೆ ಕೊಡವ್ವ, ಯಾರ್ಗೂ ಯೋಳಕ್ಕಿಲ್ಲ" ಎಂದು ಕೈ ಚಾಚುತ್ತಾಳೆ. ಸೊಪ್ಪು ಬೆಳೆಯುವವಳಾದ ನಾನು ಸೊಪ್ಪು ಕೆಟ್ಟದ್ದೆಂದು ಆಕೆಗೆ ಉಪದೇಶ ಮಾಡುತ್ತೇನೆ. ಕೋಟೆಯವರೆಗೂ ಅದೇ ಜಗಳ ನಮಗೆ ಹೊತ್ತು ಕಳೆಯಲು ಸಾಕು.

ಇನ್ನು ದೂರಿನ ವಿಷಯ. ಕಾವು ಕೊಟ್ಟು ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಈ ವರ್ಷದ ಮೊದಲ ಸೊಪ್ಪು ಬೆಂದು ಇಳಿದ ಮೇಲೆ ಒಂದು ಬೆಳಗ್ಗೆ, ಜಡಿಮಳೆಯಲ್ಲಿ, ತಾವು ಇದ್ದಕ್ಕಿದ್ದಂತೆ ತಮ್ಮ ಬಳಿಯಿರುವ ಎಲ್ಲ ದೀಪಗಳನ್ನೂ ಒಟ್ಟಿಗೆ ಹೊತ್ತಿಸಿದಿರಿ. ಕಾರು ಓಡುತ್ತಿರುವಾಗಲೇ ವೇಗದ ಮುಳ್ಳು ಸೊನ್ನೆಗೆ ಬಿತ್ತು. ಹಿಂದಿನ ದಿನ ತುಂಬಿಸಿದ್ದ ಡೀಸೆಲ್ ಖಾಲಿಯಾಗಿದೆಯೆಂದಿರಿ, ಮುಚ್ಚಿದ್ದ ಬಾಗಿಲುಗಳೆಲ್ಲ ತೆರೆದಿವೆಯೆಂದಿರಿ, ಬ್ರೇಕು ಹೋಯಿತೆಂದು ಕಿಯ್ಯೋ ಎಂದು ಕೂಗಿ ಕೂಡಲೇ ನಿಲ್ಲಿಸಲು ಅಪ್ಪಣೆ ಮಾಡಿದಿರಿ. ತಾವು ಅಪ್ಪಣೆ ಮಾಡಿದ್ದು ಎಂಥ ಜಾಗದಲ್ಲಿ ಎಂದರೆ, ಆನೆ ದಾಟುವ ಸ್ಥಳ, ವಾಹನ ನಿಲ್ಲಿಸಬಾರದು ಎಂದು ಅರಣ್ಯ ಇಲಾಖೆಯವರು ದೊಡ್ಡ ಅಕ್ಷರದ ಫಲಕ ನೆಟ್ಟಿರುವ ಜಾಗದಲ್ಲಿ. ಎರಡು ಫಲಕಗಳ ಆಜ್ಞೆಯ ನಡುವೆ ಸಿಕ್ಕ ನಾನು ತಮ್ಮನ್ನೇ ಮಾನ್ಯ ಮಾಡಿ ನಿಲ್ಲಿಸಿದೆ. ಬೆಳ್ಳಮ್ಮ ಕಿಟಕಿಯಾಚೆ ಒಂದು ಸಲ ಕಣ್ಣು ಹಾಯಿಸಿ, "ಆನೆ ಬಂದ್ರೂ ಈ ದೀಪ ನೋಡಿ ಅದ್ಕೇ ಭಯ ಆಯ್ತದೆ ಬುಡು" ಎಂದು ಧೈರ್ಯ ಹೇಳಿದಳು. ಕೀಲಿ ತಿರುಗಿಸಿ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊತ್ತಿಸಿದರೆ, ತಾವು ಏನೂ ನಡೆದೇ ಇಲ್ಲವೆಂಬಂತೆ ಎಲ್ಲ ಕ್ಷೇಮ ಅಂದಿರಿ. ಅಂದು ಏಳಕ್ಕೆ ಸರಿಯಾಗಿ ತಲುಪಿದೆವು.

ವಾಪಸು ಬರುವಾಗ ತಮ್ಮನ್ನು, ಕೋಟೆಗೆ ಮೊದಲು ಸಿಗುವ ಹ್ಯಾಂಡ್‌ಪೋಸ್ಟ್‌ನಲ್ಲಿ ಆಟೋ ಎಲೆಕ್ಟ್ರಿಷಿಯನ್ ಅಂಗಡಿ ಇಟ್ಟಿರುವ ಚೇತನ್‌ಕುಮಾರರಿಗೆ ತೋರಿಸಿದೆ. ಅವರು ತಮ್ಮ ಕೆಳಗಿನ ಕಿಂಡಿಗೆ ಸ್ಕ್ಯಾನರ್ ಸಿಕ್ಕಿಸಿ, "ಅಕ್ಕ, ಇಂಜಿನ್ ಚೆನ್ನಾಗದೆ, ಬ್ರೇಕ್ ಚೆನ್ನಾಗದೆ, ಎಲ್ಲಾ ಚೆನ್ನಾಗದೆ. ಅವು ಯೋಳದು ಈ ಮೀಟ್ರುಗೆ ಕೇಳುಸ್ತಾ ಇಲ್ಲ, ಅಷ್ಟೆ ಕಣಕ್ಕ" ಎಂದರು. ಆಗ ತಿಳಿದದ್ದೇನೆಂದರೆ, ತಾವು ಇಷ್ಟು ದಿನ ಕಣ್ಣಾರೆ ಕಂಡು ಹೇಳುತ್ತಿದ್ದೀರೆಂದು ನಾನು ನಂಬಿದ್ದ ಯಾವುದನ್ನೂ ತಾವು ಕಂಡಿಲ್ಲ. ಇಂಜಿನ್ನಿನವರು, ಬ್ರೇಕಿನವರು, ಬಾಗಿಲಿನವರು ತಂತಮ್ಮ ಡಬ್ಬಿಗಳಲ್ಲಿ ಕೂತು, ಜಡೆಯಂತೆ ಹೆಣೆದ ಎರಡು ತೆಳುವಾದ ತಂತಿಗಳ ಮೇಲೆ ಕ್ಷಣಕ್ಷಣವೂ ಸುದ್ದಿ ಕಳಿಸುತ್ತಿರುತ್ತಾರೆ. ತಾವು ಅದನ್ನು ಕೇಳಿಸಿಕೊಂಡು ಮುಳ್ಳು ತಿರುಗಿಸುತ್ತೀರಿ. ಸುದ್ದಿ ಬಾರದಿದ್ದರೆ ಎಲ್ಲರೂ ಸತ್ತರೆಂದು ತೀರ್ಮಾನಿಸಿ ದೀಪ ಹಚ್ಚುತ್ತೀರಿ. ಕೆ.ಆರ್. ನಗರದಲ್ಲಿರುವ ನಮ್ಮ ನಾದಿನಿಯ ಸ್ವಭಾವವೂ ಇದೇ. ಎರಡು ದಿನ ನಮ್ಮ ಫೋನು ಹೋಗದಿದ್ದರೆ ಮೂರನೆಯ ದಿನ ಅತ್ತುಕೊಂಡು ಬಸ್ಸು ಹತ್ತುತ್ತಾರೆ. ಆದರೆ ಅವರು ಬರುವಾಗ ಚಕ್ಕುಲಿಯನ್ನಾದರೂ ತರುತ್ತಾರೆ.

ಚೇತನ್‌ಕುಮಾರರು ತಮ್ಮನ್ನು ಬಿಚ್ಚಿ, ಬೆನ್ನ ಹಿಂದೆ ಕೈ ಹಾಕಿ, ಏನನ್ನೋ ಎಳೆದು ಮೋರಿಗೆ ಎಸೆದು ಬಂದು, "ಇಲಿ ಗೂಡು ಕಟ್ಟಿತ್ತಕ್ಕ. ತಂತಿ ಸಿಕ್ಸೋ ಕನೆಕ್ಟರ್ ಮ್ಯಾಲೆಲ್ಲ ಹಸ್ರು ಹಿಡ್ದಿತ್ತು, ಉಜ್ಜಿವ್ನಿ" ಎಂದರು. ಅಂದಿನಿಂದ ತಾವು ಸುಮಾರು ದಿನ ಬಹಳ ಸಭ್ಯರಾಗಿ ನಡೆದುಕೊಂಡಿರಿ.

ಈಗ ನಮ್ಮ ಯಜಮಾನರ ಕಡೆಗೆ ಬರುತ್ತೇನೆ. ಕಟ್ಟೆಮಳಲವಾಡಿಯ ಹರಾಜು ಕಟ್ಟೆಯಲ್ಲಿ ನಂಜುಂಡಸ್ವಾಮಿಯವರ ಸೊಪ್ಪು ಬಂತೆಂದರೆ ಅಕ್ಕಪಕ್ಕದವರೂ ಬಂದು ಮುಟ್ಟಿ ನೋಡುತ್ತಾರೆ. ನಮ್ಮ ಸೀಮೆಯಲ್ಲಿ ಬಾನೆಟ್ಟಿನೊಳಗೆ ಒಂದೆರಡು ಎಲೆ ಹೊಗೆಸೊಪ್ಪು ಸಿಕ್ಕಿಸುವುದು ಚಕ್ರದಡಿಗೆ ನಿಂಬೆಹಣ್ಣು ಇಡುವಷ್ಟೇ ರೂಢಿ. ಆ ಘಾಟಿಗೆ ಇಲಿ ಹತ್ತಿರ ಸುಳಿಯುವುದಿಲ್ಲವೆಂದು ಎಲ್ಲರೂ ನಂಬುತ್ತಾರೆ. ಪಕ್ಕದ ಹೊಲದವರ ಟ್ರ್ಯಾಕ್ಟರಿನ ತಂತಿಯನ್ನು ಇಲಿ ಕಡಿದ ದಿನದಿಂದ ಇವರೂ ಈ ಕಾರಿನ ಸಂದಿಗೊಂದಿಗಳಲ್ಲೆಲ್ಲ ಸೊಪ್ಪಿನ ಕಾವಲು ಇಟ್ಟಿದ್ದರು. ಇಲಿ ಗೂಡಿನ ಸುದ್ದಿ ಕೇಳಿದ ಮೇಲೆ ಅವರ ಮುಖ ಕೆಂಪಾಯಿತು. ಸೊಪ್ಪಿಗೆ ಇಲಿ ಹೆದರಲಿಲ್ಲವೆಂದರೆ ಸೊಪ್ಪಿನ ಮರ್ಯಾದೆಯ ಪ್ರಶ್ನೆಯಾಯಿತಲ್ಲ. "ಸಾಲ್ದು ಕಣೆ, ಇನ್ನೂ ಒಳೀಕೆ ಮಡಗ್ಬೇಕು" ಎಂದು ಒಂದು ಕಟ್ಟು ಸೊಪ್ಪು, ದಾರದುಂಡೆ, ಸ್ಕ್ರೂಡ್ರೈವರ್ ಹಿಡಿದು ಕಾರಿನೊಳಗೆ ಕೂತರು. ಎಲ್ಲಿ ಇಡುತ್ತೀರೆಂದು ನಾನು ಕೇಳಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಗಂಡಸನ್ನು ಏನೂ ಕೇಳದಿರುವುದು ನಮ್ಮಲ್ಲಿ ಸಂಸಾರ ನಡೆಸುವ ರೀತಿ.

ತಮ್ಮ ಅವಗಾಹನೆಗೆ ಇನ್ನೊಂದು ಸಂಗತಿ. ಬ್ಯಾರನ್ನಿನಿಂದ ಇಳಿದ ಸೊಪ್ಪು ಹಪ್ಪಳದಂತಿರುತ್ತದೆ, ಮುಟ್ಟಿದರೆ ಪುಡಿ. ಅದನ್ನು ಮಡಿಚುವ ಮೊದಲು ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ, ಬಟ್ಟೆಯಷ್ಟು ಮೆತ್ತಗಾಗುವವರೆಗೆ ಬಿಡಬೇಕು. ಇದಕ್ಕೆ ಹದ ಮಾಡುವುದು ಎನ್ನುತ್ತೇವೆ. ಹದವಿಲ್ಲದ ಸೊಪ್ಪನ್ನು ನಮ್ಮವರು ಹಗೆಗೂ ಕೊಡುವವರಲ್ಲ, ಇಲಿಗೂ ಕೊಡುವವರಲ್ಲ. ಹಾಗಾಗಿ ಕಾರಿನೊಳಗೆ ಹೋದದ್ದು ಒಂದನೇ ದರ್ಜೆಯ, ಚೆನ್ನಾಗಿ ತೇವ ಹೀರಿದ, ಮಡಿಚಿ ದಾರ ಸುತ್ತಿದ ಸೊಪ್ಪು. ಅದಕ್ಕೆ ನೀರು ಚಿಮುಕಿಸಿದ ಕೈ ಯಾರದೆಂಬುದು ಈ ಪತ್ರದ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯ ಸಲ ತಾವು ಹಾಡಿಯ ಮುಂದೆಯೇ ಮುನಿಸಿಕೊಂಡಿರಿ. ಬೆಳ್ಳಮ್ಮನನ್ನು ಹತ್ತಿಸಿಕೊಳ್ಳಲು ಇಳಿದು ಮತ್ತೆ ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹೊತ್ತಿದವು, ಇಂಜಿನ್ ಮಾತ್ರ ಉಸಿರೆತ್ತಲಿಲ್ಲ. ಕೀಲಿ ನಮ್ಮದೇ ಎಂಬ ಸಮಾಚಾರವೂ ಆ ಎರಡು ತಂತಿಗಳ ಮೇಲೆಯೇ ಹೋಗಬೇಕಂತೆ; ಅದು ಹೋಗದ ಕಾರಣ ತಾವೂ ಇಂಜಿನ್ನಿನವರೂ ಸೇರಿ ನನ್ನನ್ನು ಕಳ್ಳಿಯೆಂದು ತೀರ್ಮಾನಿಸಿದ್ದಿರಿ. ಬೆಳ್ಳಮ್ಮ ಟವೆಲು, ಆಸ್ಪತ್ರೆಯ ಚೀಟಿಗಳಿದ್ದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತೇ ಇದ್ದಳು. ಆ ದಿನದ ಪಾಳಿ ತಪ್ಪಿತು. ತಮ್ಮನ್ನು ಕಾರಿನ ಸಮೇತ ಬೇರೊಂದು ಗಾಡಿಯ ಬೆನ್ನ ಮೇಲೆ ಹೊರಿಸಿ ಮೈಸೂರಿನ ಸರ್ವಿಸ್ ಕೇಂದ್ರಕ್ಕೆ ಮೆರವಣಿಗೆಯಲ್ಲಿ ಕಳಿಸಿದೆವು. ಅಲ್ಲಿ ತಂಪು ಕೋಣೆ, ಕಾಫಿ, ದೊಡ್ಡ ಕಂಪ್ಯೂಟರು. ಅಲ್ಲಿನವರು ಬಹಳ ಹೊತ್ತು ಪರೀಕ್ಷಿಸಿ, ಇದಕ್ಕೆ ಸಂವಹನ ದೋಷ ಎಂದು ಹೆಸರಿಟ್ಟು, ಗೂಡು ತೆಗೆದು, ಕನೆಕ್ಟರ್ ತೊಳೆದು ಒಣಗಿಸಿ, "ಮೇಡಂ, ನಿಮ್ಮ ಕಡೆ ಇಲಿ ಬಹಳ ದೊಡ್ಡದಿರಬೇಕು" ಎಂದು ಗೌರವದಿಂದ ತಿಳಿಸಿದರು. ನಾನು ಆ ಗೌರವವನ್ನು ಮನೆಗೆ ತಂದು ಯಜಮಾನರಿಗೆ ಒಪ್ಪಿಸಿದೆ. ಅವರು ಅಂದೇ ಎರಡು ಕಟ್ಟು ಹದ ಮಾಡಲು ಹೇಳಿದರು.

ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಹೀಗೆ ತಪ್ಪಿಸುತ್ತಾ ಹೋದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ, ಕೂತ ಕೂತಲ್ಲೇ ಉಸಿರು ಕಟ್ಟುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದರು. ಅವರ ಬಳಿ ಬಣ್ಣದ ದೀಪಗಳಿರಲಿಲ್ಲ. ಸಾದಾ ಮಾತಿನಲ್ಲೇ ಹೇಳಿದರು.

ಮೂರನೆಯ ಸಲ ತಾವು ದೀಪೋತ್ಸವ ನಡೆಸಿದಾಗ ಊರಿನ ಎಲ್ಲರ ಸಲಹೆಯಂತೆ ತಮ್ಮನ್ನೇ ಬದಲಾಯಿಸುವುದೆಂದು ನಿಶ್ಚಯವಾಯಿತು. ಕೊಪ್ಪದ ಕಡೆಯ ಹಳೆ ಸಾಮಾನಿನವರೊಬ್ಬರಲ್ಲಿ ಅಪಘಾತವಾದ ಕಾರಿನದೊಂದು ಫಲಕ ಸಿಕ್ಕಿತು. ಅದನ್ನು ಚೇತನ್‌ಕುಮಾರರು ತಮ್ಮ ಜಾಗದಲ್ಲಿ ಕೂರಿಸಿದರೆ, ಆ ಮಹಾಶಯರು ನಾವು ಕಂಡೇ ಇರದ ಊರುಗಳ ದೂರವನ್ನೆಲ್ಲ ನಮ್ಮ ಕಾರಿನ ಮೇಲೆ ಹೊರಿಸಿದರು. ಇಂಜಿನ್ನಿನವರು ಅವರ ಗುರುತು ಪರಿಚಯ ಕೇಳಿ, ಸಿಗದೆ, ಸ್ಟಾರ್ಟ್ ಆಗಲು ಖಡಾಖಂಡಿತವಾಗಿ ನಿರಾಕರಿಸಿದರು. ಈ ಪ್ರಯೋಗಕ್ಕೆ ಬೆಳ್ಳಮ್ಮನ ಇನ್ನೊಂದು ಪಾಳಿ ಹೋಯಿತು. ಕೊನೆಗೆ ತಮ್ಮನ್ನೇ ಸಕಲ ಮರ್ಯಾದೆಯೊಂದಿಗೆ ಮರಳಿ ಪ್ರತಿಷ್ಠಾಪಿಸಿದೆವು. ಬಿಚ್ಚಿದಾಗ ಮತ್ತೆ ಗೂಡು ಸಿಕ್ಕಿತ್ತು, ಮತ್ತೆ ತೆಗೆದರು, ತಾವು ಮತ್ತೆ ಸರಿಯಾದಿರಿ. ಸವತಿಯನ್ನು ಮನೆ ಬಾಗಿಲಿಗೆ ತಂದದ್ದಕ್ಕೆ ಹೆದರಿ ದಾರಿಗೆ ಬಂದಿರೆಂದು ನಾನು ನಂಬಿದೆ. ಅದೇ ಸಂಜೆ ಯಜಮಾನರು ದಾರದುಂಡೆ ಹಿಡಿದು ಕಾರಿನತ್ತ ಹೋದದ್ದನ್ನು ಅಡುಗೆಮನೆ ಕಿಟಕಿಯಿಂದ ನೋಡಿದೆ. ನೋಡಿ, ಹುಳಿಗೆ ಒಗ್ಗರಣೆ ಹಾಕಿದೆ.

ಮಾನ್ಯರೇ, ಈಗ ಆ ಬೆಳಗಿನ ವಿಷಯ. ಕಾರ್ತಿಕದ ಮಂಜು, ಮುಂದಿನ ಮರ ಕಾಣುತ್ತಿರಲಿಲ್ಲ. ಬೆಳ್ಳಮ್ಮ ಕಾರು ಹತ್ತುವಾಗ ಅವಳ ಪಾದ ಚಪ್ಪಲಿಯೊಳಗೆ ಹೋಗುವಂತಿರಲಿಲ್ಲ, ಚಪ್ಪಲಿಯನ್ನು ಕೈಯಲ್ಲೇ ಹಿಡಿದಿದ್ದಳು. ಅಂದು ಅವಳು ಸೊಪ್ಪು ಕೇಳಲಿಲ್ಲ. ನಾನು ಅದನ್ನು ಗಮನಿಸಲಿಲ್ಲ, ಏಕೆಂದರೆ ನನ್ನ ಗಮನವೆಲ್ಲ ತಮ್ಮ ಮೇಲಿತ್ತು. ಕಾಡು ಮುಗಿದು ಹೊಲಗಳು ಶುರುವಾಗುವಲ್ಲಿ ತಾವು ಎಂದಿನಂತೆ ಎಲ್ಲವನ್ನೂ ಹೊತ್ತಿಸಿದಿರಿ. ಆರಿಸಿ ಹೊತ್ತಿಸುವ ಅಭ್ಯಾಸದಂತೆ ನಾನು ಕಾರು ನಿಲ್ಲಿಸಿ ಕೀಲಿ ತಿರುಗಿಸಿದೆ. ಮತ್ತೆ ಸ್ಟಾರ್ಟ್ ಆಗಲಿಲ್ಲ. ಇನ್ನೊಂದು ಸಲ, ಮತ್ತೊಂದು ಸಲ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ತಮ್ಮ ಮೇಲೆ, ಮೈಸೂರಿನ ಕಂಪ್ಯೂಟರಿನ ಮೇಲೆ, ಆ ಇಲಿಯ ಮೇಲೆ. ಅಂಗೈಯಿಂದ ತಮ್ಮ ನೆತ್ತಿಗೆ ಬಲವಾಗಿ ಒಂದು ಏಟು ಹಾಕಿದೆ. ಆ ಏಟಿಗೆ ಈ ಪತ್ರದಲ್ಲಿ ಕ್ಷಮೆ ಕೇಳುತ್ತಿಲ್ಲ. ಸ್ಟಿಯರಿಂಗಿನ ಕೆಳಗಿನ ಸಂದಿಯಿಂದ ಏನೋ ಜಾರಿ ನನ್ನ ಮೊಣಕಾಲಿನ ಮೇಲೆ ಬಿತ್ತು. ಒದ್ದೆಯಾದ, ಮೆತ್ತಗಿನ, ನಾ ಬಲ್ಲ ಬಣ್ಣದ ಒಂದು ಮಡಿಕೆ ಸೊಪ್ಪು, ಅದಕ್ಕೆ ನಮ್ಮ ಮನೆಯದೇ ಬಿಳಿ ದಾರ. ಯಾವ ಇಲಿಯೂ ಸೊಪ್ಪನ್ನು ಹದ ಮಾಡಿ, ಮಡಿಚಿ, ದಾರ ಸುತ್ತಿ ಗಂಟು ಹಾಕುವುದಿಲ್ಲ. ಕೆಳಗೆ ತಲೆ ಹಾಕಿ ಕೈ ತೂರಿಸಿದೆ. ತಮ್ಮ ಬೆನ್ನಿಗೆ, ಸರಿಯಾಗಿ ಆ ಎರಡು ತಂತಿಗಳು ಬಂದು ಸೇರುವ ಕನೆಕ್ಟರಿಗೆ, ಬಾಣಂತಿಗೆ ಹೊದಿಸಿದಂತೆ ಸುತ್ತಲೂ ಸೊಪ್ಪು ಹೊದಿಸಿದ್ದರು. ಅದರ ತೇವ ತಮ್ಮ ಕಿವಿಯೊಳಗೇ ಇಳಿದು, ಪಾಚಿಗಟ್ಟಿ, ತಾವು ಪಾಪ ಯಾರ ಮಾತನ್ನೂ ಕೇಳಲಾರದೆ ಕೂಗಿಕೊಳ್ಳುತ್ತಿದ್ದಿರಿ. ಎಲ್ಲರೂ ತೆಗೆದೆಸೆದ ಗೂಡು ಯಾವುದೆಂದು ಆಗ ಗೊತ್ತಾಯಿತು. ನಾನು ನಗುತ್ತಾ, ಯಜಮಾನರನ್ನೂ ಅವರ ಹಿಂದಿನ ತಲೆಮಾರಿನವರನ್ನೂ ಹೆಸರು ಹಿಡಿದು ಬೈಯುತ್ತಾ, ಒಂದೊಂದೇ ಮಡಿಕೆ ಎಳೆದು ಎಡಕ್ಕೆ ಎಸೆದೆ. ಕನೆಕ್ಟರನ್ನು ಕಿತ್ತು ಸೆರಗಿನಿಂದ ಉಜ್ಜಿ, ಬಾಯಿಂದ ಊದಿ, ಮತ್ತೆ ಒತ್ತಿದೆ. ಕೀಲಿ ತಿರುಗಿಸಿದೆ. ತಾವು ಎದ್ದು ಕೂತಿರಿ. ಇಂಜಿನ್ ಹೊತ್ತಿತು, ದೀಪಗಳು ಒಂದೊಂದಾಗಿ ಆರಿದವು. ಎಲ್ಲವೂ ಕ್ಷೇಮವೆಂದು ಸಾರಿದಿರಿ.

ಗೆದ್ದೆನೆಂದು ನಾನು ಬೆಳ್ಳಮ್ಮನ ಕಡೆ ತಿರುಗಿದೆ. ನಾನೆಸೆದ ಸೊಪ್ಪೆಲ್ಲ ಅವಳ ಮಡಿಲಲ್ಲಿ ಬಿದ್ದಿತ್ತು. ನಂಜುಂಡಸ್ವಾಮಿಯವರ ಒಂದನೇ ದರ್ಜೆಯ ಸೊಪ್ಪು, ಕೇಳದೆಯೇ, ಕೈಗೆ ಸಿಗುವಷ್ಟು ಹತ್ತಿರ. ಅವಳು ಅದನ್ನು ಮುಟ್ಟಿರಲಿಲ್ಲ. ಒಂದು ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಎದೆಯೊಳಗೆ ಗೊರಗೊರ ಸದ್ದು. ನಾನು ಹೆಸರು ಹಿಡಿದು ಕರೆದರೆ ಕಣ್ಣು ಮಾತ್ರ ಹೊರಳಿಸಿದಳು.

ನನಗೆ ಭಯವಾಯಿತು ಮಾನ್ಯರೇ. ಇದನ್ನು ಬೇರೆ ಹೇಗೂ ಬರೆಯಲು ಬಾರದು. ಮಂಜಿನಲ್ಲಿ ಅಳುತ್ತಾ, ಹಾರ್ನ್ ಒತ್ತಿದ ಕೈ ಎತ್ತದೆ, ಹ್ಯಾಂಡ್‌ಪೋಸ್ಟ್ ದಾಟಿ ಕೋಟೆಯವರೆಗೆ ಹೇಗೆ ಓಡಿಸಿದೆನೆಂದು ನನಗೆ ನೆನಪಿಲ್ಲ. ತಾವು ಅಂದು ವೇಗವನ್ನು ಒಂದು ಕಿಲೋಮೀಟರೂ ತಪ್ಪದೆ ತೋರಿಸುತ್ತಿದ್ದಿರಬೇಕು, ಡೀಸೆಲ್ಲಿನ ಲೆಕ್ಕವೂ ಸರಿಯಿದ್ದಿರಬೇಕು. ನಾನು ನೋಡಲಿಲ್ಲ. ಆಸ್ಪತ್ರೆಯವರು ಓಡಿ ಬಂದು ಅವಳನ್ನು ಎತ್ತಿಕೊಂಡರು, ಮುಖಕ್ಕೆ ಗಾಳಿಯ ಕೊಳವೆ ಹಾಕಿದರು, ಯಂತ್ರದ ಮೇಲಿದ್ದ ಒಬ್ಬರನ್ನು ಕೇಳಿಕೊಂಡು ಮಂಚ ಬಿಡಿಸಿದರು. ಡಾಕ್ಟರಮ್ಮ ಸಂಜೆ ಹೊರಗೆ ಬಂದು, "ಇನ್ನೊಂದು ಸ್ವಲ್ಪ ತಡವಾಗಿದ್ದಿದ್ದರೆ" ಎಂದು ಶುರು ಮಾಡಿ, ನನ್ನ ಮುಖ ನೋಡಿ, ಮುಗಿಸದೆ ಒಳಗೆ ಹೋದರು. ಬೆಳ್ಳಮ್ಮ ಬದುಕಿಕೊಂಡಳು.

ಆಮೇಲಿನದನ್ನು ಚುಟುಕಾಗಿ ಹೇಳುತ್ತೇನೆ. ಚೇತನ್‌ಕುಮಾರರನ್ನು ಹಿಡಿದು, ಸೊಪ್ಪೆಂದು ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಅವರು ಕಿಂಚಿತ್ತೂ ವಿಚಲಿತರಾಗದೆ, "ಗೊತ್ತಾಯ್ತು ಕಣಕ್ಕ. ಹೊಗೆಸೊಪ್ನೋರ್ ಮನೆ ಇಲಿ, ಸೊಪ್ಪಲ್ಲಿ ಗೂಡು ಕಟ್ದೆ ಇನ್ಯಾತ್ರಲ್ಲಿ ಕಟ್ತದೆ?" ಎಂದರು. ಯಜಮಾನರು ಸೀಟಿನ ಮೇಲೆ ಉಳಿದಿದ್ದ ಒಂದು ಮಡಿಕೆಯನ್ನು ಬಿಚ್ಚಿ, ಬೆಳಕಿಗೆ ಹಿಡಿದು, "ನೋಡೆ, ಇನ್ನೂ ಹದ ಓಗಿಲ್ಲ" ಎಂದರು. ಅಂದ ಮೇಲೆ ಅಲ್ಲಿಯೇ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಏಳಲಿಲ್ಲ. ಬೆಳ್ಳಮ್ಮ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಇಡ್ಲಿ ಕಟ್ಟಿಸಿಕೊಂಡು ಹೋಗಿ, ಬಾಗಿಲಲ್ಲಿ ನಿಂತು, ಒಳಗೆ ಹೋಗಲು ನಾಚಿ, ನರ್ಸ್ ಕೈಯಲ್ಲಿ ಕೊಟ್ಟು ಬರುತ್ತಿದ್ದರು. ಬೆಳ್ಳಮ್ಮ ಅದನ್ನು ತಿಂದು, "ಇಲಿನ ಒಳೀಕೆ ಕಳ್ಸಿ, ನಾನೇನ್ ಕಚ್ಚಕ್ಕಿಲ್ಲ" ಎಂದು ಹೇಳಿ ಕಳಿಸಿದಳು.

ಹಾಗಾದರೆ ತಪ್ಪು ತಮ್ಮದಲ್ಲವಲ್ಲ, ದೂರೇಕೆ ಎಂದು ತಾವು ಕೇಳಬಹುದು. ದೂರು ಇದು. ಏನೂ ಕೆಟ್ಟಿರದಿದ್ದಾಗ ಎಲ್ಲವೂ ಕೆಟ್ಟಿದೆಯೆಂದು ತಾವು ಇಷ್ಟೊಂದು ಬಣ್ಣದಲ್ಲಿ, ಇಷ್ಟೊಂದು ಸದ್ದಿನಲ್ಲಿ ಹೇಳಿದಿರಿ. ಎಡಗಡೆ ಕೂತವಳು ಹೇಳುವವಳಲ್ಲ. ಕಡ್ಡಿ ಕಟ್ಟುವಾಗ ಬೆರಳು ಕುಯ್ದುಕೊಂಡರೂ ಸುಣ್ಣ ಮೆತ್ತಿಕೊಂಡು ಸುಮ್ಮನಿರುವವಳು, ಹೇಗಿದ್ದೀಯ ಎಂದರೆ "ಚೆಂದಾಗಿವ್ನಿ" ಎಂಬುದರ ಹೊರತು ಬೇರೆ ಮಾತೇ ಬಾರದವಳು. ಅಂದೂ ಅವಳು ನನಗೆ ಏನೂ ಹೇಳಲಿಲ್ಲ. ಎಲ್ಲವನ್ನೂ ಕೂಗಿ ಹೇಳುವ ತಾವು ಒಂದು ಕಡೆ, ಏನೂ ಹೇಳದ ಅವಳು ಇನ್ನೊಂದು ಕಡೆ. ಮನುಷ್ಯಳಾದವಳು ಕೂಗುವವರ ಕಡೆಗೇ ತಾನೇ ನೋಡುವುದು.

ಆದ್ದರಿಂದ ತಮ್ಮಲ್ಲಿ ಕೆಲವು ವಿನಮ್ರ ಕೋರಿಕೆಗಳು. ತಮಗೆ ಯಾರ ಮಾತೂ ಕೇಳಿಸದಿದ್ದಾಗ ಎಲ್ಲರೂ ಸತ್ತರೆಂದು ಸಾರುವ ಬದಲು, ನನಗೆ ಕಿವಿ ಕೇಳುತ್ತಿಲ್ಲ ಎಂದು ಒಂದೇ ಒಂದು ಸಣ್ಣ ದೀಪ ಹಚ್ಚಬೇಕು. ಅದಕ್ಕೆ ಜಾಗ ಸಾಲದಿದ್ದರೆ ಆ ಆಮೆಯನ್ನು ತೆಗೆಯಬಹುದು. ಗಂಡಸರು ಸ್ಕ್ರೂಡ್ರೈವರ್ ಹಿಡಿದು ತಮ್ಮನ್ನು ಸಮೀಪಿಸಿದಾಗ ತಮ್ಮ ಬಳಿಯಿರುವ ಅತಿ ದೊಡ್ಡ ಸದ್ದನ್ನು ಮಾಡಬೇಕು. ಎಡಗಡೆ ಆಸನದವರು ಬೆಲ್ಟ್ ಹಾಕಿದ್ದಾರೋ ಎಂಬುದರ ಜೊತೆಗೆ ಅವರ ಕಾಲು ಊದಿದೆಯೋ, ಉಸಿರು ಮೇಲೇರುತ್ತಿದೆಯೋ, ಎಂದೂ ಬಿಡದೆ ಕೇಳುತ್ತಿದ್ದದ್ದನ್ನು ಇಂದು ಕೇಳಲಿಲ್ಲವೋ ಎಂಬುದನ್ನೂ ಗಮನಿಸಬೇಕು. ಅದು ತಮ್ಮ ಎರಡು ತಂತಿಗಳ ಅಳವಿನದಲ್ಲವಾದರೆ, ಬೆಳ್ಳಮ್ಮನಿಗೇ ಎದೆಯ ಮೇಲೆ ಒಂದು ಹಳದಿ ದೀಪ ಕೂರಿಸಿಕೊಡಲು ತಮ್ಮನ್ನು ತಯಾರಿಸಿದ ಮಹನೀಯರಿಗೆ ಶಿಫಾರಸು ಮಾಡಬೇಕು. ಅವಳು ಒಪ್ಪುವುದಿಲ್ಲ. ಆದರೂ ಮಾಡಬೇಕು.

ಸದ್ಯ ತಮ್ಮ ಬೆನ್ನು ಒಣಗಿದೆ, ತಾವು ಆರೋಗ್ಯವಾಗಿದ್ದೀರಿ. ಹೀಗೆಯೇ ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಾ ನೂರ್ಕಾಲ ಬಾಳಿ ಎಂದು ಹಾರೈಸುತ್ತಾ, ಈ ಉದ್ದದ ಅರಿಕೆಗೆ ಇಲ್ಲಿಗೆ ಗಂಟು ಹಾಕುತ್ತೇನೆ.

ತಮ್ಮ ವಿಶ್ವಾಸಿ,
ಶ್ಯಾಮಲಾ
(ಬಲಗಡೆ ಆಸನ)

ವಿ.ಸೂ.: ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು, ಕೋಟೆಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ, ತಮ್ಮ ಸಮ್ಮುಖದಲ್ಲೇ ಬೆಳ್ಳಮ್ಮನಿಗೆ ಓದಿ ಹೇಳಿದೆ. ಯಜಮಾನರ ಭಾಗ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದೂ ಅವಳು ಏನೂ ಹೇಳಲಿಲ್ಲ ಎಂಬಲ್ಲಿಗೆ ಬಂದಾಗ ಕೈ ಅಡ್ಡ ಹಿಡಿದಳು. "ನಾನ್ ಯೋಳ್ದೆ ಕಣವ್ವ. ಎಲ್ಡು ಸಲ ಯೋಳ್ದೆ, ಉಸ್ರು ಸಿಕ್ತಾ ಇಲ್ಲ ಅಂತ. ನೀನು, ಒಸಿ ತಡ್ಕೊ ಬೆಳ್ಳಮ್ಮ, ಮೊದ್ಲು ದೀಪ ಓಗ್ಲಿ ಅಂದೆ. ದೀಪ ಓಗ್ಲಿ ಅಂತ ನಾನೂ ಕಾಯ್ಕೊಂಡು ಕುಂತಿದ್ದೆ" ಎಂದಳು. ಮೇಲಿನ ಆ ಸಾಲನ್ನು ನಾನು ತಿದ್ದಿಲ್ಲ. ತಿದ್ದಿದ್ದರೆ ಈ ದೂರನ್ನು ತಮ್ಮ ವಿಳಾಸಕ್ಕೆ ಕಳಿಸಲು ಬರುತ್ತಿರಲಿಲ್ಲ.